ಒಳಕೋಣೆಯ ಸಣ್ಣ ಹಳಿ

ದೊಡ್ಡದನ್ನು ಕಿರಿದುಮಾಡಿ ಮನೆಯೊಳಗೆ ಇರಿಸಿಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಇಂದು ನಿನ್ನೆ ಹುಟ್ಟಿದುದಲ್ಲ. ದೇವಾಲಯದಲ್ಲಿ ಆಳೆತ್ತರದ ಮೂರ್ತಿಗೆ ಕೈಮುಗಿದ ಗೃಹಸ್ಥನು ಮನೆಗೆ ಬಂದು ಅದೇ ದೇವರನ್ನು ಬೆರಳುದ್ದದ ಹಿತ್ತಾಳೆಯಲ್ಲಿ ಪೂಜಿಸುತ್ತಾನೆ. ಮನೆಯಲ್ಲಿರತಕ್ಕ ಪ್ರತಿಮೆಯು ಹೆಬ್ಬೆರಳಿನ ಗೆಣ್ಣಿನಿಂದ ಮೊದಲ್ಗೊಂಡು ಒಂದು ಗೇಣಿನವರೆಗೆ ಇರಬಹುದು, ಅದಕ್ಕೆ ಮಿಗಿಲಾಗಬಾರದು ಎಂದು ಮತ್ಸ್ಯಪುರಾಣವು ವಿಧಿಸಿದೆ. ಕಿರಿದಾದಾಗ ರೂಪವು ಕೆಡದಂತೆ ಶಿಲ್ಪಿಗಳು ಒಂದು ಉಪಾಯವನ್ನೂ ಕಂಡುಹಿಡಿದರು. ಮೂರ್ತಿಯ ಎತ್ತರವನ್ನೇ ೧೦೮ ಅಥವಾ ೧೨೦ ಅಥವಾ ೧೨೪ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಆ ಮೂರ್ತಿಯ ಅಂಗುಲವೆಂದು ಹಿಡಿಯುವುದು. ಇದಕ್ಕೆ ದೇಹಲಬ್ಧಾಂಗುಲವೆಂದು ಹೆಸರು. ಚಿಕ್ಕ ದೇವರಿಗೆ ಚಿಕ್ಕ ಅಂಗುಲ, ದೊಡ್ಡ ದೇವರಿಗೆ ದೊಡ್ಡ ಅಂಗುಲ. ಮುಖ ಮಾತ್ರ ಎರಡರಲ್ಲಿಯೂ ಹನ್ನೆರಡೇ ಅಂಗುಲ.

ಇಷ್ಟು ಪೀಠಿಕೆಗೆ ಕಾರಣವುಂಟು. ರಾಣೇಬೆನ್ನೂರಿಗೂ ಬ್ಯಾಡಗಿಗೂ ನಡುವಣ ದೇವರಗುಡ್ಡವನ್ನು ಅರಿಯದವರು ಈ ಸೀಮೆಯಲ್ಲಿ ವಿರಳ. ಮಾಲತೇಶನ ಸನ್ನಿಧಿ, ನವರಾತ್ರಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದೇ ಮಾತಿನ ಕಾರ್ಣಿಕದೊಳಗೆ ಇಡೀ ವರ್ಷದ ಮಳೆ, ಬೆಳೆ, ರಾಜಕಾರಣಗಳನ್ನು ಓದಿಕೊಳ್ಳುವ ಊರು ಅದು. ಆ ಊರಿನ ಒಂದು ಮನೆಯ ಒಳಕೋಣೆಯಲ್ಲಿ ಸ್ವಿಟ್ಜರ್ಲೆಂಡಿನ ಪರ್ವತವೊಂದು ನಿಂತಿದೆ, ಅದರ ಸೊಂಟವನ್ನು ಬಳಸಿ ಅಂಗುಲಕ್ಕಿಂತಲೂ ಕಿರಿದಾದ ಹಳಿಯ ಮೇಲೆ ರೈಲು ಓಡುತ್ತದೆ ಎಂದರೆ ಹೊರಗಿನವರು ನಗಬಹುದು. ಊರಿನವರು ನಗಲಿಲ್ಲ. ಹಿರಿದು ಕಿರಿದರಲ್ಲಿ ಅಡಗಬಲ್ಲದೆಂಬುದು ಅವರಿಗೆ ಹೊಸ ಮಾತಲ್ಲ.

ಆ ಮನೆಯ ಯಜಮಾನರನ್ನು ಜನರು ಇಂದಿಗೂ ಮಾಸ್ತರರೆಂದೇ ಕರೆಯುತ್ತಾರೆ. ಶಾಲೆಯ ಮಾಸ್ತರರಲ್ಲ, ರೈಲು ನಿಲ್ದಾಣದ ಮಾಸ್ತರರು. ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿಯು ೧೮೮೨ರಲ್ಲಿ ಸ್ಥಾಪಿತವಾಗಿ, ಆ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಮೀಟರ್ ಗೇಜ್ ಹಳಿಯನ್ನು ಹಾಸಿತು. ೧೯೦೮ರಲ್ಲಿ ಅದು ಮದರಾಸಿನ ಕಂಪನಿಯೊಡನೆ ಕೂಡಿಕೊಂಡಿತು. ಸ್ವಾತಂತ್ರ್ಯಾನಂತರ ಸರ್ಕಾರದ ರೈಲ್ವೆಯಾಯಿತು. ಒಡೆಯರು ಬದಲಾದರು, ಹಳಿಯ ಅಗಲ ಮಾತ್ರ ನೂರು ವರ್ಷಕ್ಕೂ ಮೇಲ್ಪಟ್ಟು ಬದಲಾಗಲಿಲ್ಲ. ಮಾಸ್ತರರು ತಾರುಣ್ಯದಲ್ಲಿ ಸೇರಿದುದು ಆ ಹಳಿಯ ಸೇವೆಗೆ. ವೈಪಿ, ವೈಜಿ ಎಂಬ ಉಗಿ ಎಂಜಿನುಗಳ ಕಾಲವನ್ನೂ, ಅವುಗಳ ಹಿಂದೆ ಬಂದ ಡೀಸಲ್ ಎಂಜಿನುಗಳ ಕಾಲವನ್ನೂ ಅವರು ಕಂಡರು. ೧೯೯೦ರ ದಶಕದಲ್ಲಿ ಆ ಹಳಿಯನ್ನು ಕಿತ್ತು ಅಗಲ ಹಳಿಯನ್ನು ಹಾಸಿದಾಗ ಊರೆಲ್ಲ ಸಂತೋಷಪಟ್ಟಿತು. ಸಂತೋಷಪಡತಕ್ಕ ಸಂಗತಿಯೇ ಅದು. ಮಾಸ್ತರರೂ ಹೊಸ ಹಳಿಯ ಮೇಲೆ ಹಸಿರು ಬಾವುಟ ತೋರಿಸಿಯೇ ನಿವೃತ್ತರಾದರು. ಈಗ ವಿದ್ಯುತ್ತಿನ ಗಾಡಿಗಳು ಬರುತ್ತವೆ. ೨೦೨೩ರಿಂದ ಧಾರವಾಡ-ಬೆಂಗಳೂರುಗಳ ನಡುವಣ ವಂದೇ ಭಾರತವೆಂಬ ವೇಗದ ಗಾಡಿಯು ದೇವರಗುಡ್ಡದಲ್ಲಿ ನಿಲ್ಲದೆ ಧೂಳೆಬ್ಬಿಸಿಕೊಂಡು ಹೋಗುತ್ತದೆ. ಕಿತ್ತ ಹಳಿಯ ಮಾತನ್ನು ಯಾರೂ ಎತ್ತುವುದಿಲ್ಲ.

ಅವರಿಗೆ ಒಬ್ಬನೇ ಮಗ. ಓದಿ ಎಂಜಿನಿಯರನಾಗಿ, ಎರಡು ವರ್ಷಗಳ ಮಟ್ಟಿಗೆ ಎಂದು ಹೇಳಿ ಜ್ಯೂರಿಕ್ ನಗರಕ್ಕೆ ಹೋದವನು. ಎರಡು ವರ್ಷ ನಾಲ್ಕಾಯಿತು, ನಾಲ್ಕು ಹನ್ನೆರಡಾಯಿತು; ಅಲ್ಲಿಯೇ ಮಗುವಾಯಿತು, ಮಗುವು ಅಲ್ಲಿಯ ಶಾಲೆಗೆ ಹೋಗಲಾರಂಭಿಸಿತು. ತಂದೆಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಅವನು ಸ್ನೇಹಿತನೊಬ್ಬನ ಕೈಯಲ್ಲಿ ಒಂದು ಪೆಟ್ಟಿಗೆಯನ್ನು ಕಳುಹಿಸಿದನು. ಅದರೊಳಗೆ ಕಂದು ಬಣ್ಣದ ಒಂದು ಪುಟ್ಟ ಎಂಜಿನು, ಮೂರು ಕೆಂಪು ಬೋಗಿಗಳು, ಕೆಲವು ತುಂಡು ಹಳಿಗಳು, ಒಂದು ಚಿತ್ರಗಳ ಪುಸ್ತಕ.

ಮಾಸ್ತರರಿಗೆ ಸಂತೋಷವಾಗಲಿಲ್ಲ. ಗಾಡಿಗಳನ್ನು ನಡೆಸಿದ ಮನುಷ್ಯನಿಗೆ ಮಗನು ಆಟಿಕೆಯನ್ನು ಕಳುಹಿಸಿದನಲ್ಲ, ಅದೂ ತಾನು ಬರುವ ಬದಲು, ಎಂದು ಅವರಿಗೆ ತೋರಿರಬೇಕು. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಪೆಟ್ಟಿಗೆಯನ್ನು ಕಪಾಟಿನ ಮೇಲ್ಗಡೆ ಇರಿಸಿದರು. ಅದು ಅಲ್ಲಿ ಆರು ತಿಂಗಳು ಇದ್ದಿತು.

ಆಷಾಢದ ಒಂದು ಮಧ್ಯಾಹ್ನ ಮಳೆ ಹಿಡಿದು ಹೊರಗೆ ಹೋಗಲಾಗದೆ ಕುಳಿತಿದ್ದಾಗ ಪೆಟ್ಟಿಗೆಯನ್ನು ಕೆಳಗಿಳಿಸಿದರು. ಅಳೆಯುವ ಚಾಳಿ ರೈಲ್ವೆಯವರಿಗೆ ಹೋಗುವುದಿಲ್ಲ. ಎರಡು ಹಳಿಗಳ ನಡುವೆ ಅಳತೆಪಟ್ಟಿ ಹಿಡಿದರು: ಹನ್ನೆರಡು ಮಿಲಿಮೀಟರು. ಪೆಟ್ಟಿಗೆಯ ಮೇಲೆ ಒಂದಕ್ಕೆ ಎಂಬತ್ತೇಳು ಎಂದು ಮುದ್ರಿಸಿದ್ದಿತು. ಕಾಗದದ ಮೇಲೆ ಗುಣಿಸಿದರು: ೧೦೪೪. ಪುಸ್ತಕವನ್ನು ತೆರೆದು ನೋಡಿದರು. ಆ ದೇಶದ ಗ್ರಾಬ್ಯುಂಡೆನ್ ಎಂಬ ಬೆಟ್ಟಸೀಮೆಯಲ್ಲಿ ಓಡುವ ರೇಷಿಯನ್ ರೈಲ್ವೆಯ ಹಳಿಯ ಅಗಲ ಒಂದು ಸಾವಿರ ಮಿಲಿಮೀಟರು, ಎಂದರೆ ಒಂದು ಮೀಟರು. ದೇವರಗುಡ್ಡದಲ್ಲಿ ಕಿತ್ತುಹಾಕಿದ ಹಳಿಯದೂ ಅದೇ ಅಗಲ, ಕೂದಲೆಳೆಯಷ್ಟೂ ಹೆಚ್ಚುಕಡಮೆಯಿಲ್ಲ. ಅಂದು ಸಂಜೆ ದೀಪ ಹಚ್ಚಲು ಬಂದ ಪತ್ನಿಯು ನೋಡಿದಾಗ ಮಾಸ್ತರರು ಕತ್ತಲೆಯಲ್ಲಿ ಆ ತುಂಡು ಹಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದರು.

ಈ ಮೀಟರಿನ ಕಥೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ನಮ್ಮ ದೇಶದ ಮೊದಲ ಹಳಿಗಳು ಐದೂವರೆ ಅಡಿ ಅಗಲದವು. ಅವು ಬಲು ವೆಚ್ಚದವು. ೧೮೭೦ರಲ್ಲಿ ಲಾರ್ಡ್ ಮೇಯೋ ವೈಸರಾಯನಾಗಿದ್ದಾಗ ಅಗ್ಗದ ಹಳಿಯೊಂದು ಬೇಕೆಂದು ಚರ್ಚೆ ನಡೆಯಿತು. ಒಬ್ಬರು ಮೂರೂವರೆ ಅಡಿ ಎಂದರು, ಮತ್ತೊಬ್ಬರು ಎರಡು ಅಡಿ ಒಂಬತ್ತಂಗುಲವೆಂದರು. ನಡುವೆ ಮೂರೂಕಾಲು ಅಡಿಗೆ ರಾಜಿಯಾಯಿತು. ಆಗ ಮೀಟರ್ ಮಾನವು ಭಾರತಕ್ಕೆ ಬರುವುದೆಂಬ ನಿರೀಕ್ಷೆಯಿದ್ದುದರಿಂದ ಅದನ್ನೇ ಸ್ವಲ್ಪ ಎಳೆದು ಒಂದು ಮೀಟರು ಮಾಡಿದರು. ಮೀಟರ್ ಮಾನವಾದರೋ ಸ್ವಾತಂತ್ರ್ಯಾನಂತರವೇ ಬಂದಿತು. ಎಂಬತ್ತು ವರ್ಷಕ್ಕೂ ಮೇಲ್ಪಟ್ಟು ನಮ್ಮ ಹಳ್ಳಿಗರು ಬಟ್ಟೆಯನ್ನು ಗಜದಿಂದ, ಹೊಲವನ್ನು ಗುಂಟೆಯಿಂದ ಅಳೆಯುತ್ತ, ಫ್ರೆಂಚರ ಮೀಟರಿನ ಮೇಲೆ ಪ್ರಯಾಣ ಮಾಡುತ್ತಿದ್ದರು! ಇನ್ನೊಂದು ವಿನೋದ: ನಮ್ಮಲ್ಲಿ ಮೀಟರ್ ಹಳಿಯನ್ನು ಯಾರೂ ಸಣ್ಣ ಹಳಿಯೆಂದು ಲೆಕ್ಕಿಸಲಿಲ್ಲ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹೋಗುತ್ತಿದ್ದ ಎರಡಡಿಯ ಹಳಿಯೂ, ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಹೋಗುತ್ತಿದ್ದ ಎರಡೂವರೆ ಅಡಿಯ ಹಳಿಯೂ ಸಣ್ಣವು. ಯೂರೋಪಿನಲ್ಲಾದರೆ ೧೪೩೫ ಮಿಲಿಮೀಟರಿಗೆ ಕಡಮೆಯಾದುದೆಲ್ಲವೂ ಸಣ್ಣ ಹಳಿಯೇ.

ಮಾಸ್ತರರ ಮನಸ್ಸು ಒಲಿಯಿತು. ಆದರೆ ಹಳಿ ಹಾಸಲು ಸ್ಥಳ ಬೇಕಲ್ಲ. ಪಡಸಾಲೆಯಲ್ಲಿ ಬಂದುಹೋಗುವವರು, ಅಡಿಗೆಮನೆಯ ಮಾತೇ ಇಲ್ಲ. ಉಳಿದುದು ಒಳಕೋಣೆ. ಅದು ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆ. ಮಗನ ಮದುವೆಯಾದ ವರ್ಷ ಅವನಿಗಾಗಿಯೇ ಕಟ್ಟಿಸಿದುದು. ಮಂಚ, ಕನ್ನಡಿ, ಬಟ್ಟೆಯ ಬೀರು ಎಲ್ಲವೂ ಅಣಿಯಾಗಿದ್ದು, ಮನೆಯಾಕೆಯು ವಾರಕ್ಕೊಮ್ಮೆ ಗುಡಿಸಿ, ಹಾಸಿಗೆಯ ಮಗ್ಗುಲು ಹಾಸನ್ನು ಬದಲಿಸಿ ಬಾಗಿಲು ಮುಂದಕ್ಕೆಳೆದುಕೊಂಡು ಬರುತ್ತಿದ್ದರು. ಮಾಸ್ತರರು ಅಳತೆಪಟ್ಟಿಯನ್ನು ತೆಗೆದುಕೊಂಡು ಆ ಕೋಣೆಯನ್ನು ಹೊಕ್ಕಾಗ ಆಕೆ ಬಾಗಿಲಲ್ಲಿ ನಿಂತರು.

"ಅಲ್ರೀ, ಈ ಖೋಲಿ ಯಾರಿಗಂತ ಕಟ್ಟಿಸಿದ್ದು?"

"ಅವನಿಗೇ."

"ಅವರು ಬಂದ್ರ ಎಲ್ಲಿ ಮಲಗಬೇಕು?"

ಮಾಸ್ತರರು ಉತ್ತರ ಕೊಡಲಿಲ್ಲ. ಉತ್ತರವು ಇಬ್ಬರಿಗೂ ತಿಳಿದುದೇ ಆಗಿದ್ದಿತು. ಅದನ್ನು ಬಾಯಿಂದ ಆಡಿದರೆ ಮಾತ್ರ ಅದು ನಿಜವಾಗುವುದೆಂಬ ಭಯ ಇಬ್ಬರಿಗೂ ಇದ್ದಿತು. ಆಕೆ ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ಬಡಿಗನನ್ನು ಕರೆಸಿ ಮಂಚವನ್ನು ಬಿಚ್ಚಿಸಿ ಅಟ್ಟಕ್ಕೆ ಏರಿಸಿದವರು ಆಕೆಯೇ. ಕಾರಣವನ್ನು ಯಾರೂ ಕೇಳಲಿಲ್ಲ, ಆಕೆ ಹೇಳಲೂ ಇಲ್ಲ.

ಇನ್ನು ನಿರ್ಮಾಣದ ವಿಚಾರ. ಕಿರಿದುಮಾಡುವುದೆಂದರೆ ಎಲ್ಲವನ್ನೂ ಎಂಬತ್ತೇಳರಿಂದ ಭಾಗಿಸಿದರಾಯಿತೆಂದು ಮೊದಲಿಗೆ ತೋರುತ್ತದೆ. ಈ ಎಂಬತ್ತೇಳೆಂಬ ವಿಚಿತ್ರ ಸಂಖ್ಯೆ ಬಂದುದು ಒಂದಡಿಗೆ ಮೂರೂವರೆ ಮಿಲಿಮೀಟರೆಂಬ ಮಿಶ್ರವಿವಾಹದಿಂದ. ಒಂದು ಮೀಟರನ್ನು ಎಂಬತ್ತೇಳರಿಂದ ಭಾಗಿಸಿದರೆ ಹನ್ನೊಂದೂವರೆ ಮಿಲಿಮೀಟರಾಗಬೇಕು. ಕೆಲಸದ ಅನುಕೂಲಕ್ಕೆ ಹನ್ನೆರಡು ಮಾಡಿಕೊಂಡಿದ್ದಾರೆ. ಇದಕ್ಕಿಂತ ಚಿಕ್ಕದನ್ನು ಬಯಸುವವರಿಗೆ ಒಂದಕ್ಕೆ ನೂರರುವತ್ತರ ಮಾನವುಂಟು. ಅದರಲ್ಲಿ ಮೀಟರ್ ಹಳಿಯು ಆರೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಮಾಸ್ತರರ ಕಣ್ಣಿಗೆ ಅದು ಸಲ್ಲದು. ಮಗನು ಕಳುಹಿಸಿದ ಎಂಜಿನಿಗೆ ಆ ದೇಶದವರು ಮೊಸಳೆಯೆಂದು ಅಡ್ಡಹೆಸರಿಟ್ಟಿದ್ದಾರೆ. ಹಿಂದೆ ಮುಂದೆ ಉದ್ದನೆಯ ಮೂತಿ, ನಡುವೆ ಎತ್ತರದ ಒಡಲು. ತಿರುವಿನಲ್ಲಿ ಮೂರು ಭಾಗವಾಗಿ ಬಾಗುತ್ತದೆ. ೧೯೨೧ರಿಂದ ೧೯೨೯ರವರೆಗೆ ಇಂಥವು ಹದಿನೈದು ತಯಾರಾದವು. ನಿಜವಾದುದು ೧೩.೩ ಮೀಟರು ಉದ್ದ, ೬೬ ಟನ್ನು ಭಾರ. ಕಿರಿದಾದುದು ಹದಿನೈದು ಸೆಂಟಿಮೀಟರು, ಎಂದರೆ ಒಂದು ಗೇಣಿಗೆ ಒಳಗೇ. ಮತ್ಸ್ಯಪುರಾಣದ ವಿಧಿಗೆ ಬಾಧಕವಿಲ್ಲ! ಭಾರವಾದರೋ ಉದ್ದದಂತೆ ಇಳಿಯುವುದಿಲ್ಲ. ಉದ್ದ, ಅಗಲ, ಎತ್ತರಗಳು ಮೂರರಲ್ಲಿಯೂ ಎಂಬತ್ತೇಳು ಪಾಲು ಇಳಿದು, ೬೬ ಟನ್ನು ಸುಮಾರು ನೂರು ಗ್ರಾಮಿಗೆ ಬಂದು ನಿಲ್ಲಬೇಕು. ಗಂಟೆಗೆ ೫೫ ಕಿಲೋಮೀಟರು ವೇಗವು ಸೆಕೆಂಡಿಗೆ ಹದಿನೇಳೂವರೆ ಸೆಂಟಿಮೀಟರಾಗುತ್ತದೆ. ಎಲ್ಲವೂ ಇಳಿಯುತ್ತದೆ, ಕಾಲವೊಂದು ಮಾತ್ರ ಇಳಿಯುವುದಿಲ್ಲ. ಗೋಡೆಯ ಗಡಿಯಾರವು ಕಿರಿಯ ರೈಲಿಗೂ ಹಿರಿಯ ಮನುಷ್ಯನಿಗೂ ಒಂದೇ ಬಗೆಯಾಗಿ ನಡೆಯುತ್ತದೆ.

ಮನೆಯೊಳಗೆ ಕಟ್ಟುವವರು ಬೆಟ್ಟದ ಸಣ್ಣ ಹಳಿಯನ್ನೇ ಏಕೆ ಆರಿಸಿಕೊಳ್ಳುತ್ತಾರೆಂಬುದು ಮಾಸ್ತರರಿಗೆ ಲೆಕ್ಕ ಹಾಕುತ್ತ ಹಾಕುತ್ತ ತಿಳಿಯಿತು. ಹಾವೇರಿಯ ಬಯಲಿನ ಹಳಿ ನೇರವಾದುದು. ಅದರ ಒಂದು ಕಿಲೋಮೀಟರನ್ನು ಕಿರಿದುಮಾಡಿದರೂ ಹನ್ನೊಂದೂವರೆ ಮೀಟರು ಉದ್ದದ ಮನೆ ಬೇಕು, ಆ ಮೇಲೆ ಅದರಲ್ಲಿ ನೋಡುವುದಕ್ಕೆ ಏನೂ ಇಲ್ಲ. ಸಣ್ಣ ಹಳಿಯು ಬಾಗಬಲ್ಲದು, ಅದೇ ಅದರ ಗುಣ. ಸೇಂಟ್ ಮೊರಿಟ್ಜಿನಿಂದ ಇಟಲಿಯ ತಿರಾನೋಗೆ ಹೋಗುವ ಬೆರ್ನಿನಾ ಹಾದಿಯು ೧೯೧೦ರಲ್ಲಿ ಪೂರ್ಣವಾಯಿತು. ಅದರಲ್ಲಿ ೪೫ ಮೀಟರು ತ್ರಿಜ್ಯದ ತಿರುವುಗಳಿವೆ, ಸಾವಿರಕ್ಕೆ ಎಪ್ಪತ್ತರ ಏರಿದೆ, ಆದರೂ ಹಲ್ಲುಪಟ್ಟಿಯ ಆಧಾರವಿಲ್ಲದೆ ಚಕ್ರದ ಹಿಡಿತದಿಂದಲೇ ಗಾಡಿಯು ೨೨೫೩ ಮೀಟರು ಎತ್ತರಕ್ಕೆ ಏರುತ್ತದೆ. ನಮ್ಮ ನೀಲಗಿರಿಯ ಹಾದಿಗಾದರೆ ಹನ್ನೆರಡಕ್ಕೆ ಒಂದರಷ್ಟು ಏರಿದ್ದುದರಿಂದ ಹಲ್ಲುಪಟ್ಟಿ ಬೇಕಾಯಿತು. ಆ ಪಟ್ಟಿಯನ್ನು ಕಂಡುಹಿಡಿದವನು ಸ್ವಿಟ್ಜರ್ಲೆಂಡಿನ ರೋಮನ್ ಆಪ್ಟ್. ೧೯೧೪ರಿಂದ ಮುಂದೆ ಅಲ್ಲಿಗೆ ಬಂದ ಎಂಜಿನುಗಳೂ ಜ್ಯೂರಿಕ್ ಸೀಮೆಯ ವಿಂಟರ್‌ಥೂರ್ ಕಾರ್ಖಾನೆಯವು. ಹಳಿಯೂ ಒಂದು ಮೀಟರಿನದೇ. ನಮ್ಮ ಊಟಿಗೂ ಆ ಆಲ್ಪ್ಸಿಗೂ ಇಂಥ ಹಳೆಯ ನೆಂಟಸ್ತಿಕೆಯುಂಟೆಂದು ತಿಳಿದ ಮೇಲೆ ಮಾಸ್ತರರಿಗೆ ಪೆಟ್ಟಿಗೆಯು ಅಷ್ಟು ಪರಕೀಯವಾಗಿ ತೋರಲಿಲ್ಲ.

೪೫ ಮೀಟರು ತ್ರಿಜ್ಯವು ಕಿರಿದಾದಾಗ ೫೨ ಸೆಂಟಿಮೀಟರು. ಅಂಥದೊಂದು ಸುತ್ತು ಮುಗಿಯುವಷ್ಟರಲ್ಲಿ ಹಳಿಯು ಸುಮಾರು ಮೂರೂಕಾಲು ಮೀಟರು ಓಡಿರುತ್ತದೆ. ಸಾವಿರಕ್ಕೆ ಮೂವತ್ತೈದರ ಏರಿನಲ್ಲಿ ಹನ್ನೊಂದು ಸೆಂಟಿಮೀಟರು ಮೇಲೇರಿ ತನ್ನ ಹಾದಿಯ ಮೇಲೆಯೇ ತಾನು ದಾಟಿಹೋಗಬಲ್ಲದು. ಬೆರ್ಗ್ಯುನ್ ಮತ್ತು ಪ್ರೆಡಾ ಎಂಬ ನಿಲ್ದಾಣಗಳ ನಡುವೆ ಅಲ್ಬುಲಾ ಹಾದಿಯನ್ನು ಕಟ್ಟಿದವರು ಮಾಡಿದುದೂ ಇದನ್ನೇ. ಎರಡು ನಿಲ್ದಾಣಗಳ ಎತ್ತರದ ಅಂತರ ನಾನೂರು ಮೀಟರಿಗೂ ಮಿಗಿಲು. ನೇರ ಏರಲಾಗದೆ ಹಳಿಯನ್ನು ಹಾವಿನಂತೆ ಸುತ್ತಿಸುತ್ತಿ, ಸುರಂಗದೊಳಗೆ ಹೊಗಿಸಿ, ಹಾದಿಯನ್ನು ಹನ್ನೆರಡು ಕಿಲೋಮೀಟರಿಗೂ ಮಿಗಿಲಾಗಿ ಬೆಳಸಿದರು. ಮಾಸ್ತರರು ಈ ನಾನೂರು ಮೀಟರನ್ನೂ ಭಾಗಿಸಿ ನೋಡಿದರು. ನಾಲ್ಕೂವರೆ ಮೀಟರಿಗೂ ಹೆಚ್ಚಾಯಿತು! ಮನೆಯ ಮಾಳಿಗೆಯನ್ನು ಒಡೆಯಬೇಕಾಗುತ್ತಿತ್ತು.

ಆದುದರಿಂದ ಸುಳ್ಳು ಹೇಳದೆ ಗತ್ಯಂತರವಿಲ್ಲ. ಎಲ್ಲಿ ಸುಳ್ಳು ಹೇಳಬೇಕು, ಎಲ್ಲಿ ಹೇಳಕೂಡದು ಎಂಬುದನ್ನು ಅರಿಯುವುದೇ ಈ ಕೆಲಸದ ಸಾರ. ಫಿಲಿಸೂರಿನ ಹತ್ತಿರ ಲ್ಯಾಂಡ್‌ವಾಸರ್ ಎಂಬ ಹೊಳೆಯನ್ನು ದಾಟುವ ಸೇತುವೆಯೊಂದುಂಟು. ೧೯೦೨ರಲ್ಲಿ ಮುಗಿದುದು, ೬೫ ಮೀಟರು ಎತ್ತರ, ೧೩೬ ಮೀಟರು ಉದ್ದ, ಆರು ಕಮಾನು, ೧೦೦ ಮೀಟರು ತ್ರಿಜ್ಯದಲ್ಲಿ ಬಾಗಿಕೊಂಡು ನೇರವಾಗಿ ಬಂಡೆಯ ಗೋಡೆಯೊಳಗಣ ಸುರಂಗಕ್ಕೆ ನುಗ್ಗುತ್ತದೆ. ಅದರ ಎತ್ತರದ ಕಂಬಗಳನ್ನು ಹೊರಗಿನಿಂದ ಮರದ ಅಟ್ಟಣೆ ಕಟ್ಟದೆಯೇ ಏರಿಸಿದರು. ಪ್ರತಿಯೊಂದು ಕಂಬದ ಒಡಲಲ್ಲಿ ಕಬ್ಬಿಣದ ಗೋಪುರವೊಂದನ್ನು ನಿಲ್ಲಿಸಿ, ಅದರ ತುದಿಯ ಎತ್ತುಯಂತ್ರದಿಂದ ಕಲ್ಲುಗಳನ್ನು ಮೇಲೆಳೆದು ಸುತ್ತ ಕಟ್ಟುತ್ತ ಹೋದರು. ಈ ಸೇತುವೆಯನ್ನು ಬಿಟ್ಟು ಆ ಹಾದಿಯನ್ನು ಕಟ್ಟುವುದೆಂದರೆ ಗೋಪುರವಿಲ್ಲದ ಹಂಪೆಯಂತೆ. ಎಂಬತ್ತೇಳರಿಂದ ಭಾಗಿಸಿದರೂ ಅದು ಐದಡಿಗೂ ಮಿಗಿಲು ಉದ್ದ, ಎರಡೂವರೆ ಅಡಿ ಎತ್ತರ. ಕೋಣೆಯ ಮೂಲೆಯಲ್ಲಿ ಅಷ್ಟು ಉದ್ದಕ್ಕೆ ಎಡೆಯಿಲ್ಲ. ಮಾಸ್ತರರು ಒಂದು ವಾರ ಯೋಚಿಸಿದರು. ಉದ್ದವನ್ನು ಕಡಮೆ ಮಾಡಬಹುದು, ಎತ್ತರವನ್ನು ಮಾತ್ರ ಕಡಮೆ ಮಾಡಕೂಡದೆಂದು ನಿರ್ಧರಿಸಿದರು. ಕೆಳಗೆ ನೋಡಿದರೆ ಎದೆ ಝಲ್ಲೆನ್ನದ ಸೇತುವೆಯು ಸೇತುವೆಯಲ್ಲವೆಂದು ಅವರ ವಾದ. ಹೀಗೆ ಆರು ಕಮಾನುಗಳು ಇರಬೇಕಾದಲ್ಲಿ ನಾಲ್ಕೇ ಆದವು. ಬಡಿಗನು ಪ್ಲೈವುಡ್ಡಿನಲ್ಲಿ ಕಮಾನುಗಳನ್ನು ಕೊಯ್ದುಕೊಟ್ಟನು. ಅದರ ಮೇಲೆ ತೆಳುವಾಗಿ ಗಾರೆ ಬಳಿದು, ಹಸಿಯಿರುವಾಗಲೇ ಸೂಜಿಯ ಮೊನೆಯಿಂದ ಕಲ್ಲಿನ ವರಸೆಗಳನ್ನು ಗೀರುತ್ತ ಮಾಸ್ತರರು ಒಂದು ಚಳಿಗಾಲವನ್ನು ಕಳೆದರು.

ಬೆಟ್ಟದ ಕೆಲಸ ಅವರಿಗೆ ಹತ್ತಲಿಲ್ಲ. ತಂತಿಯ ಬಲೆಯ ಮೇಲೆ ಅಂಟಿಸಿದ ಕಾಗದವು ಒಣಗಿ ಬಿರಿಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪತ್ನಿಯು ಕೊನೆಗೆ ತಡೆಯಲಾರದೆ ಒಳಗೆ ಬಂದರು. ಹಳೆಯ ಪತ್ರಿಕೆಗಳನ್ನು ನೆನೆಹಾಕಿ, ಮೆಂತ್ಯದ ಹಿಟ್ಟು ಬೆರಸಿ ರುಬ್ಬಿ, ಮೊರಕ್ಕೆ ಬುಟ್ಟಿಗೆ ಮೆತ್ತುವುದು ನಮ್ಮ ಮನೆಗಳ ಹೆಂಗಸರಿಗೆ ತಾಯಿಯಿಂದ ಬಂದ ವಿದ್ಯೆಯಷ್ಟೆ. ಆಕೆ ಅದೇ ಪಾಕವನ್ನು ಬಲೆಯ ಮೇಲೆ ಅಂಗೈಯಿಂದ ತಟ್ಟಿ ಆಲ್ಪ್ಸ್ ಪರ್ವತವನ್ನು ಎಬ್ಬಿಸಿದರು. ಹಿಮಕ್ಕೆ ಸುಣ್ಣ, ಮರಗಳಿಗೆ ಒಣಗಿದ ತುಳಸಿಯ ಕಡ್ಡಿ. ಆ ಕೋಣೆಯಲ್ಲಿ ಇಂದಿಗೂ ಮಳೆಗಾಲದಲ್ಲಿ ಮೆಂತ್ಯದ ವಾಸನೆ ಬರುತ್ತದೆ. ತಮ್ಮ ಮಗನು ಬದುಕುತ್ತಿರುವ ದೇಶದ ಬೆಟ್ಟದ ಮೈಯನ್ನು ಆಕೆ ಕಂಡುದು ಹೀಗೆ, ಕೈಯಿಂದ.

ಸಂಜೆಗಳಲ್ಲಿ ಮಾಸ್ತರರು ಆ ಚಿತ್ರಗಳ ಪುಸ್ತಕವನ್ನು ಬಿಡಿಸಿ ಓದಿ ಹೇಳುತ್ತಿದ್ದರು. ಆ ರೈಲ್ವೆಗೆ ಮೂಲಪುರುಷನಾದ ಹೋಲ್ಸ್‌ಬೋಯರ್ ಎಂಬವನು ಆ ದೇಶದವನೇ ಅಲ್ಲ, ಹಾಲೆಂಡಿನವನು. ಕ್ಷಯದಿಂದ ನರಳುತ್ತಿದ್ದ ಹೆಂಡತಿಯನ್ನು ಕರೆದುಕೊಂಡು ೧೮೬೭ರಲ್ಲಿ ಡಾವೋಸಿನ ಬೆಟ್ಟದ ಗಾಳಿಗೆಂದು ಬಂದನು. ಹೆಂಡತಿ ಬದುಕಲಿಲ್ಲ. ಅವನು ಹಿಂದಿರುಗಲಿಲ್ಲ; ಅಲ್ಲಿಯೇ ನಿಂತು, ಆ ಊರಿಗೆ ರೈಲು ಬರಬೇಕೆಂದು ಹೆಣಗಿದನು. ಮೊದಲು ಅಗಲ ಹಳಿಯನ್ನೇ ಬಯಸಿದ್ದನು. ವೆಚ್ಚವನ್ನು ನೋಡಿ ಮೀಟರ್ ಹಳಿಗೆ ಒಪ್ಪಿದನು. ೧೮೯೦ರಲ್ಲಿ ಡಾವೋಸಿಗೆ ಮೊದಲ ಗಾಡಿ ಬಂದಿತು. ಇಷ್ಟನ್ನು ಓದಿ ಮಾಸ್ತರರು ಪುಸ್ತಕವನ್ನು ಮಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಪತ್ನಿಯು, "ಅವನ ತಾಯಿ ಇದ್ದಳೇನು, ಅವನ ಊರಾಗ?" ಎಂದು ಕೇಳಿದರು. ಪುಸ್ತಕದಲ್ಲಿ ಅದು ಬರೆದಿರಲಿಲ್ಲ.

ಮಾಸ್ತರರ ಕೋಣೆಯ ರೈಲಿಗೆ ಒಂದು ನಿಯಮವುಂಟು. ಅದು ಆಲ್ಪ್ಸಿನದಲ್ಲ, ದೇವರಗುಡ್ಡದ ಹಳೆಯ ಹಳಿಯದು. ಒಂದೇ ಹಳಿಯ ಹಾದಿಯಲ್ಲಿ ಎದುರುಬದುರು ಗಾಡಿಗಳು ಬಾರದಂತೆ ನೀಲ್ ಎಂಬವರ ಯಂತ್ರವನ್ನು ನಿಲ್ದಾಣಗಳಲ್ಲಿ ಇರಿಸುತ್ತಿದ್ದರು. ಅದರಿಂದ ಲೋಹದ ಗುಂಡೊಂದು ಹೊರಬಂದರೆ, ಅದು ಮುಂದಿನ ನಿಲ್ದಾಣದ ಯಂತ್ರವನ್ನು ಸೇರುವವರೆಗೆ ಎರಡನೆಯ ಗುಂಡು ಎರಡು ಕಡೆಯಲ್ಲಿಯೂ ಹೊರಬಾರದು. ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಬೆತ್ತದ ಬಳೆಗೆ ಕಟ್ಟಿ, ಓಡುವ ಎಂಜಿನಿನ ಡ್ರೈವರನಿಗೆ ಕೈಯೆತ್ತಿ ಕೊಡುವುದು ಮಾಸ್ತರರ ಕಾಲದ ನಿತ್ಯಕರ್ಮ. ಒಳಕೋಣೆಯಲ್ಲಿ ಗುಂಡಿಗೆ ಬದಲಾಗಿ ಒಂದು ಅಂಟವಾಳದ ಬೀಜ. ಸೇತುವೆಯ ಈಚೆಯ ನಿಲ್ದಾಣದ ಬಟ್ಟಲಿನಿಂದ ಅದನ್ನು ತೆಗೆದುಕೊಂಡು ಕೈಯಲ್ಲಿ ಹಿಡಿದಲ್ಲದೆ ಗಾಡಿ ಹೊರಡಕೂಡದು. ಆಚೆಯ ಬಟ್ಟಲಿಗೆ ಅದು ಬಿದ್ದಲ್ಲದೆ ಹಿಂದಿರುಗಕೂಡದು. ಒಬ್ಬರೇ ಆಡುವ ಆಟಕ್ಕೆ ಇಷ್ಟೊಂದು ಕಟ್ಟುಪಾಡು ಏಕೆಂದು ಕೇಳಿದವರಿಗೆ ಅವರು ನಕ್ಕು ಸುಮ್ಮನಾಗುತ್ತಿದ್ದರು.

ಕೆಲಸ ಮುಗಿದ ವರ್ಷದ ನವರಾತ್ರಿಗೆ ಮಗನು ಸಂಸಾರಸಮೇತ ಬಂದನು. ಒಳಕೋಣೆಯ ಬಾಗಿಲನ್ನು ತಳ್ಳಿ ನೋಡಿ ಅಲ್ಲಿಯೇ ನಿಂತನು. ಮಂಚವಿದ್ದ ಎಡೆಯಲ್ಲಿ ಲ್ಯಾಂಡ್‌ವಾಸರ್ ಸೇತುವೆ. ಹಿಂದೆಯೇ ಬಂದ ತಾಯಿಯು, "ಪಡಸಾಲ್ಯಾಗ ಹಾಸೀನಪ್ಪಾ, ಗಾಳಿ ಛಲೋ ಬರ್ತದ" ಎಂದರು. ಅವನು ಆಗಲೆಂದನು. ಅವನ ಮುಖದಲ್ಲಿ ಏನು ಕಂಡಿತೋ, ತಾಯಿ ಮಾತ್ರ ಅಡಿಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಎಂಟು ವರ್ಷದ ಮೊಮ್ಮಗನಿಗೆ ಈ ತೊಡಕುಗಳೊಂದೂ ಇರಲಿಲ್ಲ. ಅವನು ನಿಜವಾದ ಸೇತುವೆಯ ಮೇಲೆ ಹೋದವನು. ೨೦೨೨ರ ಅಕ್ಟೋಬರ್ ೨೯ರಂದು ಆ ರೈಲ್ವೆಯವರು ನೂರು ಬೋಗಿಗಳ, ೧೯೧೦ ಮೀಟರು ಉದ್ದದ ಗಾಡಿಯನ್ನು ಆ 
ಹಾದಿಯಲ್ಲಿ ಓಡಿಸಿದ ಸುದ್ದಿಯನ್ನು ಅವನೇ ಅಜ್ಜನಿಗೆ ಹೇಳಿದನು. ಅಜ್ಜನು ಕೂಡಲೇ ಭಾಗಿಸಿ, ಇಪ್ಪತ್ತೆರಡು ಮೀಟರಾಯಿತು, ನಮ್ಮ ಹಿತ್ತಲು ದಾಟಿ ಬೀದಿಗೆ ಹೋಗುತ್ತದೆ ಎಂದರು. ಆ ಮೇಲೆ ಹುಡುಗನು ಸೇತುವೆಯ ಎದುರು ಮೊಣಕಾಲೂರಿ ಬೆರಳು ಮಡಿಸುತ್ತ ಎಣಿಸಿದನು.

"ಅಜ್ಜಾ, ಆರು ಇರಬೇಕು. ಇನ್ನೆರಡು ಎಲ್ಲಿ?"

ಮಾಸ್ತರರಿಗೆ ಮಾತು ಹೊರಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಜ್ಜಿಯು, "ಅವು ನಿಮ್ಮೂರಾಗ ಉಳಿದಾವ ಮಗಾ" ಎಂದರು. ಹುಡುಗನಿಗೆ ಅದು ಸರಿಯೆಂದು ತೋರಿತು.

ಕಾರ್ಣಿಕದ ದಿನ ಊರೆಲ್ಲ ಭಂಡಾರದಿಂದ ಹಳದಿಯಾಗಿದ್ದಿತು. ಗುಡ್ಡದಿಂದ ಇಳಿದು ಬಂದ ನೆಂಟರ ಮಕ್ಕಳು, ನೆರೆಮನೆಯ ಮಕ್ಕಳು, ಹತ್ತು ಹನ್ನೆರಡು ಜನ ಕೋಣೆಯಲ್ಲಿ ನೆರೆದರು. ಮೊಮ್ಮಗನು ಅಂಟವಾಳದ ಬೀಜವನ್ನು ಎತ್ತಿ ಹಿಡಿದು, ಬೆಳಿಗ್ಗೆ ತಾನು ಕೇಳಿ ಬಂದಿದ್ದ ಗೊರವಯ್ಯನ ಧಾಟಿಯಲ್ಲಿಯೇ "ಸದ್ದಲೇ!" ಎಂದು ಕೂಗಿದನು. ಮಕ್ಕಳೆಲ್ಲ ಉಸಿರು ಹಿಡಿದರು. ಮೊಸಳೆಯು ಹೊರಟು ಸುತ್ತನ್ನೇರಿ ಸೇತುವೆಯ ನಟ್ಟನಡುವೆ ನಿಂತುಬಿಟ್ಟಿತು. ಈ ಬಗೆಯ ಎಂಜಿನಿಗೆ ಹನ್ನೆರಡು ವೋಲ್ಟಿನ ವಿದ್ಯುತ್ತು ಎರಡು ಹಳಿಗಳಿಂದಲೇ ಚಕ್ರದ ಮೂಲಕ ದೊರೆಯಬೇಕು. ನಡುವೆ ಕಸ ಬಂದರೆ ಮುಗಿಯಿತು. ಮಾಸ್ತರರು ಬಗ್ಗಿ ಹಳಿಯ ಮೇಲೆ ಬೆರಳನ್ನಾಡಿಸಿದರು. ಬೆರಳು ಹಳದಿಯಾಯಿತು. ಮಕ್ಕಳ ತಲೆಯಿಂದ, ಅಂಗಿಯಿಂದ ಉದುರಿದ ಭಂಡಾರವು ಆಲ್ಪ್ಸಿನ ಹಿಮದ ಮೇಲೂ ಹಳಿಯ ಮೇಲೂ ಕುಳಿತಿದ್ದಿತು. ಅವರು ಗದರುವರೆಂದು ಮಕ್ಕಳು ಹೆದರಿದರು. ಅವರು ಗದರಲಿಲ್ಲ, ಮಗನನ್ನು ಕೂಗಿ ಕರೆದರು. ತಂದೆ ಆ ತುದಿಯಿಂದ, ಮಗ ಈ ತುದಿಯಿಂದ, ಬಟ್ಟೆಯ ಚೂರನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹಳಿಯನ್ನು ಒರಸುತ್ತ ಬಂದು ಸೇತುವೆಯ ಮೇಲೆ ಕೂಡಿದರು. ಅಷ್ಟು ಹೊತ್ತು ಇಬ್ಬರೂ ಒಂದೇ ಕೆಲಸವನ್ನು ಮಾಡಿದುದು ಹದಿನೈದು ವರ್ಷಗಳಲ್ಲಿ ಅದೇ ಮೊದಲು. "ಅಪ್ಪಾ, ಹಿಂದಿನ ಹಳಿಯೂ ಇಷ್ಟೇ ಅಗಲ ಇತ್ತಲ್ಲ?" ಎಂದು ಮಗನು ಕೇಳಿದನು. ಅದನ್ನು ಅರಿತೇ ಅವನು ಆ ಪೆಟ್ಟಿಗೆಯನ್ನು ಆರಿಸಿ ಕಳುಹಿಸಿದ್ದನೆಂಬುದು ಮಾಸ್ತರರಿಗೆ ಆಗ ತಿಳಿಯಿತು.

ಹನ್ನೆರಡು ದಿನಗಳ ಮೇಲೆ ಅವರು ಹೊರಟರು. ಹುಬ್ಬಳ್ಳಿಯವರೆಗೆ ಹೋಗಿ ಕಳುಹಿಸಿ ಬಂದು, ಸಂಜೆ ಮಾಸ್ತರರು ಒಳಕೋಣೆಗೆ ಹೋದರು. ಗಾಡಿಯು ಈಚೆಯ ನಿಲ್ದಾಣದಲ್ಲಿ ನಿಂತಿದ್ದಿತು. ಬಟ್ಟಲಿನಲ್ಲಿ ಬೀಜವಿರಲಿಲ್ಲ, ಆಚೆಯ ಬಟ್ಟಲಿನಲ್ಲಿಯೂ ಇರಲಿಲ್ಲ. ಮೇಜಿನ ಕೆಳಗೆ, ಕಿಟಕಿಯ ಸಂದಿನಲ್ಲಿ ಹುಡುಕಿದರು. ಎರಡು ದಿನಗಳ ಮೇಲೆ ದೂರವಾಣಿಯಲ್ಲಿ ಮೊಮ್ಮಗನ ಧ್ವನಿ ಬಂದಿತು: "ಅಜ್ಜಾ, ಗುಂಡು ನನ್ನ ಕಿಸೆಯಲ್ಲೇ ಬಂದುಬಿಟ್ಟಿದೆ."

"ಡಬ್ಬಿ ತುಂಬ ಅಂಟವಾಳ ಅದಾವಲ್ಲ, ಇನ್ನೊಂದ ತಗೋರಿ" ಎಂದರು ಪತ್ನಿ.

ಗುಂಡು ಕಳೆದುಹೋದರೆ ಕಾಗದದ ಮೇಲೆ ಅಪ್ಪಣೆ ಬರೆದು ಗಾಡಿಯನ್ನು ಬಿಡುವ ಕ್ರಮವೊಂದು ರೈಲ್ವೆಯಲ್ಲಿ ಉಂಟು. ಅದು ಮಾಸ್ತರರಿಗೆ ತಿಳಿಯದ ಸಂಗತಿಯಲ್ಲ.

"ಕಳೆದಿಲ್ಲ" ಎಂದರು ಅವರು. "ಇನ್ನೂ ಹಾದ್ಯಾಗ ಅದ."

ಗಾಡಿಯು ಈಚೆಯ ನಿಲ್ದಾಣದಲ್ಲಿಯೇ ನಿಂತಿದೆ. ಸೋಮವಾರ ಸೋಮವಾರ ಮನೆಯಾಕೆಯು ಹಳಿಯನ್ನು ಸ್ಪಿರಿಟ್ಟಿನ ಬಟ್ಟೆಯಿಂದ ಒರಸಿ, ಬಾಗಿಲನ್ನು ಮುಂದಕ್ಕೆಳೆದುಕೊಂಡು ಬರುತ್ತಾರೆ.